ಅತ್ತೆಗೆ ಸಿಟ್ಟಲ್ಲ, ನಡೆಯುತ್ತಿದ್ದಾರೆ

"ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ ಮೇಡಂ. ಕೂತಾಗ ಸರಿಯಾಗೇ ಇರ್ತಾರೆ. ಬಚ್ಚಲಿಗೆ ಹೊರಟಾಗ, ಅಂಗಳ ದಾಟುವಾಗ ಏನು ಕೇಳಿದರೂ ಉತ್ತರ ಇಲ್ಲ. ಮುಖ ಗಂಟು ಹಾಕ್ಕೊಂಡು ಹೋಗ್ತಾರೆ."

ಸೊಸೆ ನನ್ನ ಹತ್ತಿರ ಸಲಹೆಗೆ ಬಂದ ಮೊದಲ ದಿನ ಹೇಳಿದ್ದು ಇಷ್ಟು. ಹೇಳುವಾಗ ಅತ್ತರು.

ಇದನ್ನು ಬರೆಯಲು ಆ ಮನೆಯವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕೇರಳದ ಗಡಿಯಲ್ಲಿರುವ ಮಂಜೇಶ್ವರ ತಾಲೂಕಿನ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ಅತ್ತೆಯನ್ನು ನಾನು ಅಕ್ಕ ಅಂತ ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ವಯಸ್ಸು 58. 30 ವರ್ಷಕ್ಕಿಂತ ಜಾಸ್ತಿ ಬೀಡಿ ಕಟ್ಟಿದವರು. ನನ್ನ ಹತ್ತಿರ ಬರುವ 8 ತಿಂಗಳ ಮೊದಲು ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸೋತಿತ್ತು. ಕಾಲು ಸುಮಾರಾಗಿ ಚೇತರಿಸಿಕೊಂಡಿತ್ತು. ಊರುಗೋಲು ಹಿಡಿದು ಒಬ್ಬರೇ ನಡೆಯುತ್ತಿದ್ದರು. ಎಡಗೈ ಬೆರಳು ಮಾತ್ರ ಬೀಡಿಗೆ ಬರಲಿಲ್ಲ. ಈಗ ಸೊಸೆ ಬೀಡಿ ಕಟ್ಟುತ್ತಾರೆ. ಮಗ ದುಬೈಯಲ್ಲಿ.

ಅಕ್ಕ ಮೊದಲು ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವಾಗ ದಾರಿಯುದ್ದಕ್ಕೂ ಮಾತಾಡುತ್ತಿದ್ದವರು. ಈಗ ದಾರಿಯಲ್ಲಿ ಸಿಕ್ಕವರು "ಹುಷಾರಿದ್ದೀರಾ?" ಅಂದರೂ ತಲೆ ಎತ್ತುವುದಿಲ್ಲ. ಮಗನ ದುಡ್ಡು ಬಂದ ಮೇಲೆ ಜಂಭ ಬಂತು ಅಂತ ನೆರೆಕರೆಯಲ್ಲಿ ಮಾತು ಹುಟ್ಟಿತ್ತು. ಸ್ಟ್ರೋಕ್ ಆದ ಮೇಲೆ ಮನಸ್ಸು ಕುಗ್ಗುವುದು ತುಂಬಾ ಸಾಮಾನ್ಯ. ಹಾಗಾಗಿ ನಾನೂ ಖಿನ್ನತೆ ಇರಬಹುದು ಅಂದುಕೊಂಡೇ ಪ್ರಶ್ನೆಗಳನ್ನು ತಯಾರು ಮಾಡಿಟ್ಟುಕೊಂಡಿದ್ದೆ. ನನ್ನ ಎಣಿಕೆ ತಪ್ಪಿತ್ತು.

ಎರಡನೇ ಸಲ ಬಂದಾಗ ಗೇಟಿನಿಂದ ನನ್ನ ಕೋಣೆಯವರೆಗೆ ಅವರ ಜೊತೆ ನಡೆದೆ. ಸುಮ್ನೆ ಕೇಳಿದೆ, "ಬಸ್ಸಲ್ಲಿ ಸೀಟು ಸಿಕ್ಕಿತಾ ಅಕ್ಕಾ?" ಅಕ್ಕ ನಿಂತರು. ಗೋಡೆ ಹಿಡಿದರು. "ಸಿಕ್ಕಿತು" ಅಂದರು. ಆಮೇಲೆ ಮತ್ತೆ ಹೆಜ್ಜೆ ಇಟ್ಟರು. ಇನ್ನೊಂದು ಕೇಳಿದೆ. ಮತ್ತೆ ನಿಂತರು. ಕೋಣೆಯಲ್ಲಿ ಕೂತ ಮೇಲೆ ಅರ್ಧ ಗಂಟೆ ನಿಲ್ಲಿಸದೆ ಮಾತಾಡಿದರು, ನಗಿಸಿದರು ಕೂಡ.

1997ರಲ್ಲಿ ಸ್ವೀಡನ್ನಿನ ಸಂಶೋಧಕರು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದಿದ್ದರು. ವಯಸ್ಸಾದವರ ಜೊತೆ ನಡೆಯುತ್ತಾ ಮಾತಿಗೆಳೆದರು, ಅಷ್ಟೇ. ಯಾರು ಉತ್ತರ ಕೊಡಲು ನಿಂತುಬಿಟ್ಟರೋ ಅವರಲ್ಲಿ ಹೆಚ್ಚಿನವರು ಮುಂದಿನ 6 ತಿಂಗಳಲ್ಲಿ ಬಿದ್ದಿದ್ದರು. ನಿಂತದ್ದರಿಂದ ಬಿದ್ದದ್ದಲ್ಲ. ನಡಿಗೆಗೇ ಗಮನವೆಲ್ಲ ಬೇಕಾಗಿದೆ ಅನ್ನುವುದರ ಗುರುತು ಅದು. ಅದು ಸ್ಟ್ರೋಕ್ ಆದವರ ಬಗ್ಗೆ ಮಾತ್ರ ಮಾಡಿದ ಅಧ್ಯಯನ ಅಲ್ಲ. ಆದರೆ ಸ್ಟ್ರೋಕ್ ಆದವರಲ್ಲಿ ಇದೇ ಕಷ್ಟ ದಿನಾ ಕಾಣುತ್ತದೆ.

ಸೊಸೆಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸಿದೆ. ಕೊನೆಗೆ ಅವರ ಕೆಲಸವನ್ನೇ ಹಿಡಿದೆ.

"ನೀವು ಬೀಡಿ ಕಟ್ಟುವಾಗ ಧಾರಾವಾಹಿ ನೋಡ್ತೀರಿ, ಮಾತಾಡ್ತೀರಿ, ಅಲ್ವಾ? ಕಲಿಯುವ ಮೊದಲ ವಾರ ಹಾಗೆ ಆಗ್ತಿತ್ತಾ?"

"ಎಲ್ಲಿ ಆಗ್ತದೆ ಮೇಡಂ! ಯಾರಾದರೂ ಮಾತಾಡಿಸಿದರೆ ಎಲೆಯೇ ಹರೀತಿತ್ತು."

"ನಿಮ್ಮ ಅತ್ತೆ ಈಗ ನಡಿಗೆಯಲ್ಲಿ ಆ ಮೊದಲ ವಾರದಲ್ಲಿದ್ದಾರೆ."

ಅವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಾನು ಹಿಂದಿನಿಂದ ಕೂಗಿ ಕೂಗಿ ಕೇಳ್ತಿದ್ದೆ" ಅಂದರು.

ನಮಗೆ ನಡಿಗೆ ತಾನಾಗಿ ಸಾಗುತ್ತದೆ. ಗಮನವೆಲ್ಲ ಮಾತಿಗೋ ಲೆಕ್ಕಕ್ಕೋ ಬಿಡುವಾಗಿರುತ್ತದೆ. ಸ್ಟ್ರೋಕ್ ಆದ ಮೇಲೆ ಪ್ರತಿ ಹೆಜ್ಜೆಯನ್ನೂ ತಲೆಯಿಂದ ನಡೆಸಬೇಕು. ಕಾಲು ಎತ್ತು, ಮುಂದಿಡು, ಭಾರ ಹಾಕು. ಅದರ ನಡುವೆ ಪ್ರಶ್ನೆ ಬಂದರೆ ಎರಡರಲ್ಲಿ ಒಂದನ್ನು ಬಿಡಲೇಬೇಕು. ಅಕ್ಕ ಮಾತನ್ನು ಬಿಟ್ಟಿದ್ದರು. ಅದಕ್ಕೇ 8 ತಿಂಗಳಲ್ಲಿ ಒಂದೇ ಸಲ ಬಿದ್ದದ್ದು. ಆ ಒಂದು ಸಲವೂ ಸೊಂಟಕ್ಕೆ ಸಿಕ್ಕಿಸಿದ ಫೋನ್ ರಿಂಗಾಗಿತ್ತು. ಮಗನ ಫೋನ್.

ಈ ಕಷ್ಟವನ್ನು ಅಳೆಯಬಹುದು. 10 ಮೀಟರ್ ಸುಮ್ಮನೆ ನಡೆಸುತ್ತಾರೆ. ಆಮೇಲೆ ದೊಡ್ಡ ಸಂಖ್ಯೆಯಿಂದ ಕಳೆಯುತ್ತಾ ಲೆಕ್ಕ ಹೇಳಿಸಿ ಅದೇ ದೂರ ನಡೆಸುತ್ತಾರೆ. ಎಷ್ಟು ನಿಧಾನ ಆಯಿತು ನೋಡುತ್ತಾರೆ. ಫಿಸಿಯೊಥೆರಪಿಸ್ಟ್ ಅಕ್ಕನಿಗೆ ಬರೆದುಕೊಟ್ಟ ಚೀಟಿಯಲ್ಲಿ ಸುಮ್ಮನೆ ನಡೆದಾಗ 16 ಸೆಕೆಂಡ್, ಲೆಕ್ಕ ಹೇಳುತ್ತಾ ನಡೆದಾಗ 25 ಅಂತ ಇತ್ತು. "ಲೆಕ್ಕ ಯಾವ ಭಾಷೆಯಲ್ಲಿ ಹೇಳಿದಿರಿ?" ಅಂತ ಕೇಳಿದೆ. ಮಲಯಾಳದಲ್ಲಿ ಅಂತೆ! ಅಕ್ಕನಿಗೆ ಮನೆಯಲ್ಲಿ ಕನ್ನಡ, ನೆರೆಕರೆಯಲ್ಲಿ ತುಳು. ಓದಿದ್ದು ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ. ಮಲಯಾಳ ಅರ್ಥ ಆಗುತ್ತದೆ, ಪೇಟೆಯಲ್ಲಿ ಸುಧಾರಿಸುತ್ತಾರೆ. ಆದರೆ 100ರಿಂದ ಮೂರು ಮೂರು ಕಳೆಯುತ್ತಾ ಮಲಯಾಳದಲ್ಲಿ ಹೇಳು ಅಂದರೆ ಅದು ಎರಡನೇ ಕೆಲಸವಲ್ಲ, ಮೂರನೆಯದೂ ಸೇರಿತು. ಫಿಸಿಯೊಥೆರಪಿಸ್ಟ್ ಒಳ್ಳೆಯ ಮನುಷ್ಯ. ನಾನು ಹೇಳಿದ ಮೇಲೆ ಕನ್ನಡದಲ್ಲಿ ಮತ್ತೆ ಮಾಡಿಸಿದರು. 20 ಸೆಕೆಂಡ್ ಬಂತು. ಕಷ್ಟ ಇದೆ, ಆದರೆ ಚೀಟಿ ಹೇಳಿದಷ್ಟು ಇಲ್ಲ. ನಮ್ಮ ಗಡಿನಾಡಿನ ಕನ್ನಡದವರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನೆನಪು, ಲೆಕ್ಕ, ಗಮನ ಇವುಗಳ ಪರೀಕ್ಷೆ ಆಗುವಾಗ "ಕನ್ನಡದಲ್ಲಿ ಕೇಳಿ" ಅನ್ನುವುದು ಹಠ ಅಲ್ಲ. ಫಲಿತಾಂಶವೇ ಬದಲಾಗುತ್ತದೆ.

ಇಷ್ಟರಲ್ಲಿ ಮಗ ದುಬೈಯಿಂದ ಫೋನ್ ಮಾಡಿದರು. ಇಂಟರ್ನೆಟ್ಟಿನಲ್ಲಿ ಒಂದು ಮೆಷಿನ್ ನೋಡಿದ್ದರು. ತಲೆಗೆ ಪ್ಯಾಡ್ ಇಟ್ಟು ಸಣ್ಣ ಕರೆಂಟ್ ಕೊಡುವುದು. ಸ್ಟ್ರೋಕ್ ಆದವರು ಮಾತಾಡುತ್ತಾ ನಡೆಯಲು ಅದು ಸಹಾಯ ಮಾಡುತ್ತದಂತೆ. ಮುಂದಿನ ತಿಂಗಳು ಬರುವ ಸ್ನೇಹಿತನ ಕೈಲಿ ಕಳಿಸುತ್ತೇನೆ, ಮನೆಯಲ್ಲೇ ಕೊಡಬಹುದಲ್ವಾ ಅಂತ ಕೇಳಿದರು. ದೂರದಲ್ಲಿರುವ ಮಗನಿಗೆ ಅಮ್ಮನಿಗಾಗಿ ಏನಾದರೂ ಮಾಡಬೇಕು ಅನ್ನಿಸುವುದು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಅಕ್ಕನಿಗೆ ಮಾತ್ರ ಹೆದರಿಕೆ. "ತಲೆಗೆ ಕರೆಂಟ್ ಕೊಡುವುದು ಹುಚ್ಚು ಹಿಡಿದವರಿಗಲ್ವಾ ಮೇಡಂ?" ಅಂತ ನನ್ನ ಕೈ ಹಿಡಿದು ಕೇಳಿದರು.

ಮೊದಲು ಹೆದರಿಕೆಗೆ ಉತ್ತರ ಕೊಟ್ಟೆ. ಮಾನಸಿಕ ಕಾಯಿಲೆಗೆ ಕೊಡುವ ಇಸಿಟಿ ಬೇರೆ. ಅದರಲ್ಲಿ ಅರಿವಳಿಕೆ ಕೊಟ್ಟು, ಇದಕ್ಕಿಂತ ನೂರಾರು ಪಟ್ಟು ಜಾಸ್ತಿ ಕರೆಂಟಿನಿಂದ ಬೇಕೆಂದೇ ಒಂದು ಸಣ್ಣ ಫಿಟ್ಸ್ ಬರಿಸುತ್ತಾರೆ. ಅದೂ ಒಂದು ಒಳ್ಳೆಯ ಚಿಕಿತ್ಸೆಯೇ, ನಾಚಿಕೆಯ ವಿಷಯ ಏನಲ್ಲ. ಮಗ ಹೇಳಿದ್ದು ಟಿಡಿಸಿಎಸ್. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜಿನ ಪ್ಯಾಡ್ ತಲೆಯ ಮೇಲೆ ಇಟ್ಟು ಸಾಮಾನ್ಯವಾಗಿ 1ರಿಂದ 2 ಮಿಲಿಆಂಪಿಯರ್ ಕರೆಂಟನ್ನು 20 ನಿಮಿಷ ಹರಿಸುತ್ತಾರೆ. ಎಚ್ಚರ ಇರುತ್ತದೆ, ಮಾತಾಡಬಹುದು. ಚರ್ಮ ಚುಮುಚುಮು ಅನ್ನುತ್ತದೆ, ತುರಿಸುತ್ತದೆ, ಕೆಂಪಾಗುತ್ತದೆ. ಪ್ಯಾಡ್ ಒಣಗಿದರೆ ಸುಡುವುದೂ ಉಂಟು. ಆ ಕರೆಂಟ್ ನರಕೋಶಗಳನ್ನು ಬಡಿದೆಬ್ಬಿಸುವಷ್ಟು ಬಲವಾದದ್ದಲ್ಲ. ಅವು ಏಳುವುದನ್ನು ಸ್ವಲ್ಪ ಸುಲಭ ಮಾಡುತ್ತದೆ. ಅಯಸ್ಕಾಂತದ ಸುರುಳಿ ಇಟ್ಟು ಕೊಡುವ ಟಿಎಂಎಸ್ ಅನ್ನುವ ಇನ್ನೊಂದು ವಿಧಾನ ಇದೆ. ಅದನ್ನು 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮೊದಲು ತೋರಿಸಿದ್ದು. ಅದು ಬೆರಳನ್ನೇ ಕುಣಿಸುವಷ್ಟು ಬಲವಾದದ್ದು.

ನಡಿಗೆಯ ವಿಷಯದಲ್ಲಿ ಪ್ಯಾಡನ್ನು ಕಾಲನ್ನು ನಡೆಸುವ ನಡುನೆತ್ತಿಯ ಭಾಗದ ಮೇಲೆ ಇಡುತ್ತಾರೆ, ಇಲ್ಲವೇ ಗಮನವನ್ನು ಹಂಚುವ ಹಣೆಯ ಮೇಲ್ಭಾಗದಲ್ಲಿ. ಆದರೆ ಅಧ್ಯಯನಗಳು ಸಣ್ಣವು, ಫಲಿತಾಂಶ ಒಂದೇ ತರ ಇಲ್ಲ. ಕೆಲವುದರಲ್ಲಿ ನಡಿಗೆ ಅಷ್ಟಿಷ್ಟು ಸುಧಾರಿಸಿದೆ. ಕೆಲವುದರಲ್ಲಿ ಹೋಲಿಸಿ ನೋಡಲಿಕ್ಕಾಗಿ ಮೊದಲ ಅರ್ಧ ನಿಮಿಷ ಮಾತ್ರ ಕರೆಂಟ್ ಕೊಟ್ಟು ನಿಲ್ಲಿಸಿದವರಿಗೂ ಪೂರ್ತಿ ಕೊಟ್ಟವರಿಗೂ ವ್ಯತ್ಯಾಸ ಕಂಡಿಲ್ಲ. ಇದನ್ನು ನಡಿಗೆಯ ಅಭ್ಯಾಸದ ಜೊತೆಗೆ ಪ್ರಯತ್ನಿಸುತ್ತಾರೆ. ಕುರ್ಚಿಯಲ್ಲಿ ಕೂತು ಕರೆಂಟ್ ತೆಗೆದುಕೊಂಡು ಎದ್ದು ಹೋಗುವ ಚಿಕಿತ್ಸೆ ಅಂತ ಯಾರಾದರೂ ಮಾರಿದರೆ ನಂಬಬೇಡಿ ಅಂತ ಮಗನಿಗೆ ಹೇಳಿದೆ.

ಆಮೇಲೆ ನಾನು ಕೇಳಲೇಬೇಕಾದ ಪ್ರಶ್ನೆ ಕೇಳಿದೆ. ತಲೆಯಲ್ಲಿ ಕ್ಲಿಪ್ಪೋ ಲೋಹವೋ ಇದೆಯಾ? ತಲೆಬುರುಡೆಯ ಮೂಳೆ ತೆಗೆದಿದ್ದಾರಾ? ಪೇಸ್‌ಮೇಕರ್? ಫಿಟ್ಸ್ ಬಂದಿತ್ತಾ? ಮಗ ಎಲ್ಲದಕ್ಕೂ ಇಲ್ಲ ಅಂದರು. ಪಕ್ಕದಲ್ಲಿ ಕೂತಿದ್ದ ಸೊಸೆ ಮೆಲ್ಲಗೆ, "ಆಸ್ಪತ್ರೆಯಲ್ಲಿ ಎರಡನೇ ವಾರ ಒಂದು ಸಲ ಬಂದಿತ್ತು. ಇವರಿಗೆ ಹೇಳಿಲ್ಲ, ಅಲ್ಲಿ ಗಾಬರಿ ಆಗ್ತಾರೆ ಅಂತ" ಅಂದರು. ಫೋನಿನ ಆ ಕಡೆ ಮೌನ.

ಫಿಟ್ಸ್ ಬಂದವರಿಗೆ ಈ ಕರೆಂಟ್ ಕೊಡಬೇಕೋ ಬೇಡವೋ ಅನ್ನುವುದನ್ನು ನರರೋಗ ತಜ್ಞರು ನಿರ್ಧರಿಸಬೇಕು. ಮನೆಯಲ್ಲಿ, ಅಂತರ್ಜಾಲದ ವಿಡಿಯೊ ನೋಡಿ ಕೊಡುವ ಮಾತೇ ಇಲ್ಲ. ಮೆಷಿನ್ ಕಳಿಸಬೇಡಿ ಅಂತ ಖಂಡಿತವಾಗಿ ಹೇಳಿದೆ. ತಜ್ಞರು ಸರಿ ಅಂದರೆ, ಅಭ್ಯಾಸದ ಜೊತೆ, ಅವರ ಕಣ್ಣೆದುರು. ಫಿಟ್ಸಿನ ಮಾತ್ರೆ, ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು.

ಮನೆಯವರಿಗೆ ಕೊಟ್ಟ ಸಲಹೆ ಎರಡು ತರ. ಒಂದನೆಯದು ಬಾಯಿ ಮುಚ್ಚಿಕೊಳ್ಳುವುದು. ಮೆಟ್ಟಿಲು, ಬಾವಿಕಟ್ಟೆ, ಮಳೆಗೆ ಪಾಚಿ ಕಟ್ಟಿದ ಅಂಗಳ, ರಸ್ತೆ. ಇಲ್ಲಿ ಅಕ್ಕನನ್ನು ಯಾರೂ ಮಾತಾಡಿಸಬಾರದು, ಹಿಂದಿನಿಂದ ಕೂಗಲೇಬಾರದು. ಹೇಳುವುದಿದ್ದರೆ ಎದುರಿಗೆ ಬಂದು, ಅವರು ನಿಂತ ಮೇಲೆ ಹೇಳಿ. ಫೋನ್ ಸೊಂಟದಲ್ಲಿ ಬೇಡ, ಜಗಲಿಯಲ್ಲಿ ಇರಲಿ. ರಿಂಗಾದರೆ ಆಗಲಿ. ಅಕ್ಕನಿಗೂ ಹೇಳಿದೆ, ನಿಂತು ಉತ್ತರ ಕೊಡುವುದು ಸೋಲಲ್ಲ, ಅದೇ ಜಾಣತನ. ಹೆದ್ದಾರಿ ಅಗಲ ಆದ ಮೇಲೆ ಬಸ್ಸಿಗೆ ಹೋಗುವ ದಾರಿ ನಮಗೇ ಗಲಿಬಿಲಿ ಆಗುತ್ತದೆ. ಅಲ್ಲಿ ಒಬ್ಬರೇ ಹೋಗುವುದು ಸದ್ಯಕ್ಕೆ ಬೇಡ.

ಎರಡನೆಯದು ಇದಕ್ಕೆ ಉಲ್ಟಾ. ಯಾವಾಗಲೂ ಮೌನವಾಗಿಯೇ ನಡೆದರೆ ಎರಡನ್ನೂ ಒಟ್ಟಿಗೆ ಮಾಡುವ ಅಭ್ಯಾಸ ಬರುವುದೇ ಇಲ್ಲ. ಹಾಗಾಗಿ ಅಪಾಯ ಇಲ್ಲದ ಜಾಗದಲ್ಲಿ ಬೇಕೆಂದೇ ಮಾತಾಡಿಸಬೇಕು. ಚಾವಡಿಯಲ್ಲಿ, ಬಲಗಡೆ ಗೋಡೆ, ಎಡಗಡೆ ಸೊಸೆ. ಫಿಸಿಯೊಥೆರಪಿಸ್ಟ್ ಹತ್ತಿರ ಕೇಳಿ ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಅಂತ ಗೊತ್ತು ಮಾಡಿದೆವು. ಏನು ಲೆಕ್ಕ ಹೇಳಿಸುವುದು? ಅಕ್ಕನೇ ದಾರಿ ತೋರಿಸಿದರು. ಬೀಡಿಯ ಒಂದು ಕಟ್ಟಿಗೆ 25. ಜೀವನವಿಡೀ ಎಣಿಸಿದ ಲೆಕ್ಕ. 25, 50, 75 ಅಂತ ಮೊದಲು ಮುಂದಕ್ಕೆ. ಅದು ಸಲೀಸಾದ ಮೇಲೆ ಸಾವಿರದಿಂದ ಹಿಂದಕ್ಕೆ, 975, 950. ಮೊದಲು ಕೂತು, ಆಮೇಲೆ ನಿಂತು, ಆಮೇಲೆ ನಡೆಯುತ್ತಾ. ಇನ್ನೂ ಸ್ವಲ್ಪ ದಿನ ಕಳೆದು ಖಾಲಿ ತಡ್ಪೆ (ಬೀಡಿ ಕಟ್ಟುವ ಮೊರ) ಕೈಯಲ್ಲಿ ಹಿಡಿದು. ಬಲಗೈ ತಡ್ಪೆಗೆ ಹೋದ ಮೇಲೆ ಊರುಗೋಲಿಗೆ ಕೈ ಇಲ್ಲವಲ್ಲ, ಆಗ ಸೊಸೆ ಸೊಂಟ ಹಿಡಿದುಕೊಳ್ಳಬೇಕು.

ಎರಡು ತಿಂಗಳಾಯಿತು. ಮೊನ್ನೆ ಅಳೆದಾಗ ಲೆಕ್ಕ ಹೇಳುತ್ತಾ 18 ಸೆಕೆಂಡ್. ಅಂಗಳದಲ್ಲಿ ಈಗಲೂ ನಿಲ್ಲುತ್ತಾರೆ, ಚಾವಡಿಯಲ್ಲಿ ನಿಲ್ಲುವುದಿಲ್ಲ. ರಸ್ತೆಗೆ ಇನ್ನೂ ಒಬ್ಬರೇ ಕಳಿಸಿಲ್ಲ. ನೆರೆಕರೆಯವರಿಗೆ ಸೊಸೆಯೇ ಮನೆ ಮನೆಗೆ ಹೋಗಿ ವಿಷಯ ಹೇಳಿ ಬಂದರಂತೆ. ನಾನು ಹೇಳಿದ್ದಲ್ಲ, ಅವರಿಗೇ ತೋಚಿದ್ದು. ಮಗ ಈಗ ರಾತ್ರಿ ಎಂಟೂವರೆಗೆ, ಅಕ್ಕ ಊಟ ಮುಗಿಸಿ ಕೂತ ಮೇಲೆ ಫೋನ್ ಮಾಡುತ್ತಾರೆ. ಅಲ್ಲಿ ಆಗ ಏಳು ಗಂಟೆ, ಕೆಲಸ ಬಿಟ್ಟ ಹೊತ್ತು.

ಮುಂದಿನ ವಾರ ತಲಪಾಡಿ ದಾಟಿ ಮಂಗಳೂರಿಗೆ, ನರರೋಗ ತಜ್ಞರ ಹತ್ತಿರ ಹೋಗುವುದಿದೆ. ಕರೆಂಟಿನ ವಿಷಯ ತಾನೇ ಕೇಳುತ್ತೇನೆ, ಮಗ ಕೇಳುವುದು ಬೇಡ ಅಂದಿದ್ದಾರೆ ಅಕ್ಕ. ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಂಡರು. ಮೊದಲ ಸಾಲಿನಲ್ಲಿ ಫಿಟ್ಸಿನ ವಿಷಯ ಇದೆ.