ಅಂಚಿನಲ್ಲಿ ನಾಲ್ಕು ಬೆರಳು

ಪ್ರಿಯ ಓದುಗರೇ,

10 ವರ್ಷಗಳ ಹಿಂದೆ ನಾಲ್ವರು ಗೆಳೆಯರು ಸೇರಿ ಮಾಡಿದ 11 ನಿಮಿಷದ ಕಿರುಚಿತ್ರ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮತ್ತೆ ಸಿಕ್ಕಿತು, ನೋಡುತ್ತ ಕೂತರೆ ನಾಚಿಕೆಯಾಯಿತು ಎಂದು ಬರೆದಿದ್ದೀರಿ. ಮಾತು ಸರಿಯಾಗಿ ಕೇಳಿಸುವುದಿಲ್ಲ, ನಾಯಕನ ಕೂದಲು ಒಂದು ಶಾಟಿನಲ್ಲಿ ಉದ್ದ, ಮುಂದಿನದರಲ್ಲಿ ಗಿಡ್ಡ. ಎಲ್ಲವನ್ನೂ ತಿದ್ದಿ ಹೊಸದಾಗಿ ಎಡಿಟ್ ಮಾಡಿ, ಹಳೆಯದನ್ನು ಅಳಿಸಿಬಿಡಲೇ ಎಂಬುದು ನಿಮ್ಮ ಪ್ರಶ್ನೆ.

ಅಳಿಸಬೇಡಿ. ಯಾಕೆಂದು ಹೇಳಲು ಮಾತ್ರ ಸ್ವಲ್ಪ ಜಾಗ ಬೇಕು. ಅಂಥದೊಂದು ಚಿತ್ರ ನನ್ನ ಬಳಿಯೂ ಇದೆ.

ನಮ್ಮದು 7 ನಿಮಿಷದ್ದು. ಒಂದು ಕೋಣೆ, ಇಬ್ಬರು ಅಣ್ಣತಮ್ಮಂದಿರು, ಒಂದು ಜಗಳ. ಜಗಳದ ದೃಶ್ಯ ತೆರೆಯ ಮೇಲೆ ಬರೀ 2 ನಿಮಿಷ. ತೆಗೆಯಲು ಇಡೀ ದಿನ ಹಿಡಿಯಿತು. ಮೊದಲು ಅಣ್ಣನ ಮಾತೆಲ್ಲ ಮುಗಿಸಿದೆವು, ಮಧ್ಯಾಹ್ನದ ಮೇಲೆ ತಮ್ಮನ ಸರದಿ. ಅಷ್ಟರಲ್ಲಿ ಬೆಳಿಗ್ಗೆ ಗೋಡೆಯ ಮೇಲಿದ್ದ ಬಿಸಿಲು ಕೋಣೆಯಿಂದಲೇ ಹೋಗಿತ್ತು. ಅಣ್ಣ ಬೈಯುವಾಗ ಬೆಳಗು, ತಮ್ಮ ಉತ್ತರ ಕೊಡುವಾಗ ಸಂಜೆ. ಎಡಿಟಿಂಗಿಗೆ ಕೂತಾಗ ಅದಕ್ಕಿಂತ ದೊಡ್ಡ ತಪ್ಪು ಕಣ್ಣಿಗೆ ಬಿತ್ತು. ಮಾತಾಡುವ ಇಬ್ಬರ ನಡುವೆ ಒಂದು ಗೆರೆಯಿದೆ ಎಂದುಕೊಂಡು ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿಡಬೇಕು ಎನ್ನುವ 180 ಡಿಗ್ರಿ ನಿಯಮ ನಮಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಅದನ್ನು ಆಚೆ ಬದಿಗೆ ಒಯ್ದಿದ್ದೆವು. ತೆರೆಯ ಮೇಲೆ ಇಬ್ಬರೂ ಬಲಕ್ಕೇ ನೋಡುತ್ತಾರೆ. ಎದುರುಬದುರು ನಿಂತವರೆಂದು ಅನಿಸುವುದೇ ಇಲ್ಲ. ಆ ರಾತ್ರಿ ನನಗೆ ಅಳು ಬಂದಿತ್ತು.

ಸದ್ದಿನ ವಿಷಯದಲ್ಲಿ ನಿಮ್ಮ ತಪ್ಪೇ ನಮ್ಮದೂ. ಕ್ಯಾಮೆರಾದ ಮೈಕನ್ನೇ ನಂಬಿದ್ದೆವು. ಜೂಮ್ ಮಾಡಿದರೆ ಮುಖ ಹತ್ತಿರ ಬರುತ್ತದೆ, ದನಿ ಬರುವುದಿಲ್ಲ. ಮೈಕು ಇದ್ದಲ್ಲೇ ಇರುತ್ತದೆ. ಜೊತೆಗೆ ಕೆಲವು ಟೇಕುಗಳಲ್ಲಿ ಫ್ಯಾನ್ ಓಡುತ್ತಿತ್ತು, ಕೆಲವದರಲ್ಲಿ ಯಾರೋ ಆರಿಸಿದ್ದರು. ಹೀಗಾಗಿ ಪ್ರತಿ ಕಟ್‌ಗೂ ಗುಂಯ್ ಸದ್ದು ಬಂದು ಹೋಗುತ್ತದೆ. ಫ್ಯಾನ್ ಓಡುವ ಖಾಲಿ ಕೋಣೆಯ ಸದ್ದನ್ನು ಅರ್ಧ ನಿಮಿಷ ಬೇರೆಯಾಗಿ ಹಿಡಿದಿಟ್ಟಿದ್ದರೆ ಉಳಿದ ಶಾಟುಗಳ ಅಡಿಗೂ ಅದನ್ನು ಹಾಸಬಹುದಿತ್ತು.

ಇನ್ನು ಕೂದಲು. ಸತ್ಯಜಿತ್ ರೇ 1952ರಲ್ಲಿ ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣ ಶುರು ಮಾಡಿದ್ದು ಕಾಶ ಹುಲ್ಲು ಹೂಬಿಟ್ಟ ಬಯಲಿನಲ್ಲಿ. ಒಂದು ದಿನ ತೆಗೆದು ಮುಂದಿನ ವಾರ ಹೋದರೆ ದನಗಳು ಹೂವನ್ನೆಲ್ಲ ಮೇದು ಮುಗಿಸಿದ್ದವು. ಆ ದೃಶ್ಯ ಮುಗಿಸಲು ಮತ್ತೆ ಹೂ ಬರುವ ಕಾಲದವರೆಗೆ ಕಾಯಬೇಕಾಯಿತು. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಅದಕ್ಕೆ ಮೊದಲು ಮೂವಿ ಕ್ಯಾಮೆರಾ ನಡೆಸಿದವರೇ ಅಲ್ಲ. ಆದರೂ ಅವರು ಕಾದರು. ಗೆಳೆಯನ ಕೂದಲು ಬೆಳೆಯುವವರೆಗೆ ಕಾಯುವ ತಾಳ್ಮೆ ಆ ವಯಸ್ಸಿನಲ್ಲಿ ನಿಮಗಿರಲಿಲ್ಲ, ನಮಗೂ ಇರಲಿಲ್ಲ.

ನಮ್ಮ ಚಿತ್ರದ ನಾಲ್ಕನೆಯ ನಿಮಿಷದಲ್ಲಿ, ಫ್ರೇಮಿನ ಎಡ ಅಂಚಿನಲ್ಲಿ, ನಾಲ್ಕು ಬೆರಳು ಕಾಣುತ್ತವೆ. ಅಣ್ಣನ ಮುಖಕ್ಕೆ ಬೆಳಕು ಬೀಳಲೆಂದು ಥರ್ಮೋಕೋಲ್ ಹಿಡಿದು ನಿಂತ ಗೆಳೆಯನವು. ತೋಳು ಸೋತು ಹಲಗೆ ಮೆಲ್ಲಗೆ ಜಾರುತ್ತದೆ, ಕೆನ್ನೆಯ ಮೇಲಿನ ಬೆಳಕು ಕುಗ್ಗುತ್ತದೆ. ಬೆರಳು ಬಿಗಿಯಾಗುತ್ತವೆ, ಬೆಳಕು ಮತ್ತೆ ಬರುತ್ತದೆ. ಚಿತ್ರವನ್ನು ತುಸು ಹಿಗ್ಗಿಸಿದರೆ ಬೆರಳು ಹೊರಗೆ ಹೋಗುತ್ತವೆ, ಒಂದು ನಿಮಿಷದ ಕೆಲಸ. ನಾನು ಮಾಡಿಲ್ಲ. ಇಡೀ ಚಿತ್ರದಲ್ಲಿ ಅವನಿರುವುದು ಅಲ್ಲಿ ಮಾತ್ರ.

ತಿದ್ದುವ ಆಸೆಯಿದ್ದರೆ ಇನ್ನೊಂದು ಪ್ರತಿ ಮಾಡಿಕೊಂಡು ಅದರ ಮೇಲೆ ತಿದ್ದಿ. ಕೇಳಿಸದ ಮಾತಿಗೆ ಸಬ್‌ಟೈಟಲ್ ಹಾಕಿ; ಆ ಮಾತುಗಳು ನೆನಪಿರುವುದು ನಿಮ್ಮ ನಾಲ್ವರಿಗೇ, ಬೇಗ ಬರೆದಿಡಿ. ಮೂಲ ಚಿತ್ರವನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ, ಯಾವುದು ಯಾವಾಗ ಕೆಡುತ್ತದೋ ಹೇಳಲಾಗದು. ಕತ್ತರಿಸದ ಕ್ಲಿಪ್‌ಗಳೂ ಇವೆಯೇ ಎಂದು ಹುಡುಕಿ. ‘ಕಟ್’ ಎಂದ ಮೇಲೂ ಕ್ಯಾಮೆರಾ ಕ್ಷಣಹೊತ್ತು ಓಡಿರುತ್ತದೆ. ಮೊದಲು ಅವನ್ನು ನೋಡಿ, ಚಿತ್ರವನ್ನು ಆಮೇಲೆ ನೋಡುವಿರಂತೆ.

— ಸಂಪಾದಕ