ಸೆನ್ಸರ್ ಲೈಟ್ ಹಾಕಿಸಿದರೆ ಕಾಂಪ್ಲೆಕ್ಸ್‌ನ ಕರೆಂಟ್ ಬಿಲ್ ನಿಜವಾಗಿ ಇಳಿಯುತ್ತದಾ?

ಉಡುಪಿಯ ನಿಮ್ಮ ಮೂರು ಮಹಡಿ ಕಾಂಪ್ಲೆಕ್ಸ್‌ಗೆ ಲಾಭ ಇದೆಯಾ ಎಂದು ಕೇಳಿದ್ದೀರಿ. ಇದೆ, ಆದರೆ ಎಲ್ಲ ಕಡೆ ಅಲ್ಲ. ಸೆನ್ಸರ್ ಲೈಟ್ ಎಂದರೆ ಯಾರಾದರೂ ಓಡಾಡಿದಾಗ ಮಾತ್ರ ಉರಿಯುವ ಲೈಟ್.

ಜಾಸ್ತಿ ಉಳಿಯುವುದು ಬೇಸ್‌ಮೆಂಟ್ ಪಾರ್ಕಿಂಗ್, ಮೆಟ್ಟಿಲು, ಟಾಯ್ಲೆಟ್‌ಗಳಲ್ಲಿ. ಅಲ್ಲಿ ಜನ ಇರಲಿ ಬಿಡಲಿ, ಲೈಟ್ ಉರಿಯುತ್ತಲೇ ಇರುತ್ತದೆ ಅಲ್ವಾ? ಒಂದು ಲೆಕ್ಕ ನೋಡಿ. ಪಾರ್ಕಿಂಗ್‌ನಲ್ಲಿ 20 ವ್ಯಾಟ್‌ನ 40 ಎಲ್‌ಇಡಿ ಟ್ಯೂಬ್ ದಿನವಿಡೀ ಉರಿದರೆ ತಿಂಗಳಿಗೆ 576 ಯೂನಿಟ್. ಸೆನ್ಸರ್‌ನಿಂದ ಅದು ದಿನಕ್ಕೆ 8 ಗಂಟೆಗೆ ಇಳಿದರೆ 192. ಯೂನಿಟ್‌ಗೆ 8 ರೂಪಾಯಿ ಎಂದು ಇಟ್ಟುಕೊಂಡರೂ ತಿಂಗಳಿಗೆ ಸುಮಾರು 3,000 ರೂಪಾಯಿ ಉಳಿತಾಯ. ಫಿಟ್ಟಿಂಗ್ ಸೇರಿ 30,000 ಖರ್ಚಾದರೆ ಹತ್ತು ತಿಂಗಳಲ್ಲಿ ವಾಪಸ್. ನಿಮ್ಮ ಮೆಸ್ಕಾಂ ಬಿಲ್‌ನಲ್ಲಿರುವ ದರ ಹಾಕಿ ಇದೇ ಲೆಕ್ಕ ಮಾಡಿ.

ಬಿಲ್‌ನ ನಿಗದಿತ ಶುಲ್ಕ ಮಾತ್ರ ಇದರಿಂದ ಇಳಿಯುವುದಿಲ್ಲ. ಅದು ಮಂಜೂರಾದ ಲೋಡ್ (ನಿಮ್ಮ ಕನೆಕ್ಷನ್‌ಗೆ ಒಪ್ಪಿಗೆ ಸಿಕ್ಕ ಕಿಲೋವ್ಯಾಟ್) ಮೇಲೆ ಬರುತ್ತದೆ. ಮಾರುವವರು ಇದನ್ನು ಹೇಳುವುದು ಕಡಿಮೆ!

ಹಳೆ ಚೋಕ್ ಟ್ಯೂಬ್‌ಗಳಿದ್ದರೆ ಮೊದಲು ಎಲ್‌ಇಡಿ ಹಾಕಿಸಿ, ಸೆನ್ಸರ್ ಆಮೇಲೆ. ಕಿಟಕಿ ಬೆಳಕು ನೋಡಿ ಮಂದವಾಗುವ ಲೈಟ್‌ಗಳು ಬೇಸಿಗೆಯಲ್ಲಿ ಚೆನ್ನಾಗಿ ಉಳಿಸುತ್ತವೆ. ಜೂನ್‌ನಿಂದ ನಮ್ಮ ಮಳೆಗಾಲದ ಮೋಡದಲ್ಲಿ ಅಷ್ಟಿಲ್ಲ. ಎಸಿ ಇರುವ ಆಫೀಸಿನಲ್ಲಿ ಲೈಟ್‌ನ ಬಿಸಿ ಕಡಿಮೆಯಾದಷ್ಟು ಎಸಿಗೂ ಸ್ವಲ್ಪ ಕೆಲಸ ಕಡಿಮೆ.

ದಿನವಿಡೀ ಗಿರಾಕಿಗಳಿರುವ ಅಂಗಡಿಯೊಳಗೆ ಸುಮ್ನೆ ಹಾಕಿಸಬೇಡಿ. ಹೊರಗೆ ಹಾಕಿಸುವುದಾದರೆ ಐಪಿ65 ಗುರುತು (ದೂಳು, ಮಳೆನೀರು ಒಳಹೋಗದ ರಕ್ಷಣೆ) ಇರುವ ಒಳ್ಳೆ ಮಾಲನ್ನೇ ತೆಗೆದುಕೊಳ್ಳಿ, ಕಡಲ ಉಪ್ಪುಗಾಳಿ ಅಗ್ಗದ ಮಾಲನ್ನು ಬೇಗ ತಿಂದು ಹಾಕುತ್ತದೆ.