ಅತ್ತೆಯ ಜೊತೆ ಕಡಲು, ಆಗುಂಬೆ

ಪ್ರಶ್ನೆ: ನಾವು 11 ಜನ. ಅತ್ತೆಗೆ 70 ವರ್ಷ. ಡಿಸೆಂಬರ್‌ನಲ್ಲಿ ಮೂರು ದಿನ ಉಡುಪಿ, ಆಗುಂಬೆ ಸುತ್ತಬೇಕು. ಹೇಗೆ ಹೋಗೋಣ?
– ಓದುಗರು, ಮಡಿಕೇರಿ

ಉತ್ತರ: ಎರಡು ಕಾರು ಬೇಡ, ಒಂದೇ ಟೆಂಪೋ ಟ್ರಾವೆಲರ್ ಮಾಡಿ. ನಾವು ಎರಡು ಕಾರಿನಲ್ಲಿ ಹೋಗಿದ್ದೆವು. ಸುಳ್ಯ ದಾಟಿದ ಮೇಲೆ ಒಬ್ಬರಿಗೊಬ್ಬರು ಕಾಯುವುದರಲ್ಲೇ ಅರ್ಧ ದಿನ ಹೋಯಿತು. ಬೆಳಿಗ್ಗೆ ಬೇಗ ಸಂಪಾಜೆ ಘಾಟಿ ಇಳಿಯಿರಿ. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹಿಂದೆ ಕೂತರೆ ತಿರುವುಗಳಲ್ಲಿ ಸಂಕಟ ಜಾಸ್ತಿ ಅಲ್ವಾ? ತಿಂಡಿ ಪುತ್ತೂರಿನಲ್ಲಿ ಮಾಡಿ. ರಾತ್ರಿ ಉಡುಪಿ. ಮರುದಿನ ಮಲ್ಪೆ ನೋಡಿಕೊಂಡು ಹೆಬ್ರಿ ಮೇಲೆ ಆಗುಂಬೆಗೆ ಹತ್ತಿ. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಕತ್ತಲಲ್ಲಿ ಬೇಡವೇ ಬೇಡ. ಸೂರ್ಯಾಸ್ತ ನೋಡಿ ಶೃಂಗೇರಿಯಲ್ಲಿ ಉಳಿಯಿರಿ. ವಾಪಸ್ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಮೇಲೆ ಬನ್ನಿ.